ಸ್ಟೇಟಸ್ ಕೇಳದ ಅರ್ಧ ಗಂಟೆ

ಟೀಮಿನ ಎಂಟು ಜನರಲ್ಲಿ ಪ್ರತಿಯೊಬ್ಬರ ಜೊತೆಗೂ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಮಾತಾಡುತ್ತೇನೆ ಅಂದಾಗ ಯಾರೂ ನಂಬಲಿಲ್ಲ. "ಅಷ್ಟು ಹೊತ್ತು ಏನ್ರೀ ಮಾತಾಡ್ತೀರಿ? ಕೆಲಸ ಯಾವಾಗ ಮಾಡೋದು?" ಅಂತ ನನ್ನ ಮ್ಯಾನೇಜರ್ ನೇರವಾಗೇ ಕೇಳಿದರು. ಈಗ ಒಂದೂವರೆ ವರ್ಷದ ಮೇಲಾಯಿತು. ಅದರ ಹಿಂದಿನ ವರ್ಷ ಮೂವರು ರಾಜೀನಾಮೆ ಕೊಟ್ಟಿದ್ದರು. ಇದು ಹಳಿಗೆ ಬಂದ ಮೇಲೆ ಬಿಟ್ಟವರು ಒಬ್ಬರೇ, ಅದೂ ಮುಂದೆ ಓದಬೇಕೆಂದು. ಅವರು ಹೋಗುವ ವಿಷಯ ಎರಡು ಮೂರು ತಿಂಗಳ ಮೊದಲೇ ನನಗೆ ಗೊತ್ತಿತ್ತು.

ಲೆಕ್ಕ ಕೇಳುವವರಿಗೆ ಲೆಕ್ಕವನ್ನೇ ಕೊಟ್ಟೆ. ವಾರಕ್ಕೆ ನನ್ನ ಎರಡು ಗಂಟೆ, ಅವರೆಲ್ಲರದ್ದೂ ಸೇರಿ ಇನ್ನೆರಡು. ಒಬ್ಬರು ಬಿಟ್ಟುಹೋದರೆ ಹುಡುಕಾಟ, ಏಜೆನ್ಸಿ ಫೀಸು, ಹೊಸಬರು ಕೆಲಸ ಕಲಿಯುವವರೆಗಿನ ಸಂಬಳ ಎಲ್ಲ ಸೇರಿ, ನಮ್ಮಲ್ಲಿ ಹೆಚ್ಚುಕಮ್ಮಿ ಅವರ ಐದಾರು ತಿಂಗಳ ಸಂಬಳದಷ್ಟು ಖರ್ಚು. ಒಬ್ಬರು ಉಳಿದರೂ ಇಡೀ ವರ್ಷದ ಮಾತುಕತೆಯ ವೆಚ್ಚ ಅದರಲ್ಲೇ ಹುಟ್ಟುತ್ತದೆ. ಅದಾದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಆದರೆ ಮೊದಲ ನಾಲ್ಕೈದು ತಿಂಗಳು ಏನೂ ಗಿಟ್ಟಲಿಲ್ಲ. ಎಚ್‌ಆರ್ ಕೊಟ್ಟ ಪ್ರಶ್ನೆಪಟ್ಟಿ ಹಿಡಿದು ಕೂತರೆ ಎಲ್ಲರೂ ಪರೀಕ್ಷೆ ಬರೆದಂತೆ ಉತ್ತರಿಸಿದರು. ಗಾಜಿನ ಮೀಟಿಂಗ್ ರೂಮಿಗೆ ಕರೆದರೆ "ಏನಾಯ್ತಂತೆ?" ಅಂತ ಹೊರಗೆ ಗುಸುಗುಸು. ಶುಕ್ರವಾರ ಸಂಜೆ ಇಟ್ಟುಕೊಂಡದ್ದು ಎಲ್ಲಕ್ಕಿಂತ ಕೆಟ್ಟದಾಯಿತು. ಮನಸ್ಸು ಬಿಚ್ಚಿ ಹೇಳಿದವರು ಎರಡು ದಿನ ಅದನ್ನೇ ಹೊತ್ತುಕೊಂಡು ಮನೆಯಲ್ಲಿರುತ್ತಿದ್ದರು, ಸೋಮವಾರದವರೆಗೆ ನಾನು ಏನೂ ಮಾಡುವಂತಿರಲಿಲ್ಲ. ಬುಧವಾರಕ್ಕೆ ಬದಲಿಸಿದೆ. ಕೇಳಿದ್ದರಲ್ಲಿ ಒಂದನ್ನಾದರೂ ಅದೇ ವಾರ ಸರಿಮಾಡಲು ಎರಡು ದಿನ ಕೈಯಲ್ಲಿರುತ್ತದೆ.

ದೊಡ್ಡ ಅಡ್ಡಿ ಸ್ಟೇಟಸ್, ಅಂದರೆ ಯಾವ ಕೆಲಸ ಎಲ್ಲಿಗೆ ಬಂತು ಅನ್ನುವ ವರದಿ. ಬಾಕಿ ಕೆಲಸದ ಮಾತು ಒಮ್ಮೆ ಶುರುವಾದರೆ ಅರ್ಧ ಗಂಟೆಯನ್ನೂ ನುಂಗಿಹಾಕುತ್ತದೆ, ಮಾತಾಡಲು ಹಿಂಜರಿಯುವವರಿಗೆ ಅದೇ ಅನುಕೂಲ ಕೂಡ. ಹಾಗಾಗಿ ಸ್ಟೇಟಸ್ಸೆಲ್ಲ ಹಿಂದಿನ ದಿನವೇ ಬರವಣಿಗೆಯಲ್ಲಿ ಬರಬೇಕು, ಕೂತ ಮೇಲೆ ಅದರ ಸುದ್ದಿ ಎತ್ತುವಂತಿಲ್ಲ ಅಂತ ಮಾಡಿದೆ. ಇದು ಕೈಕೆಳಗಿನವರ ಮೀಟಿಂಗ್, ಏನು ಮಾತಾಡಬೇಕೆಂದು ಅವರೇ ನಿರ್ಧರಿಸಬೇಕು ಅಂತ ಚಿಪ್ ಕಂಪನಿ ಇಂಟೆಲ್‌ನ ಮುಖ್ಯಸ್ಥರಲ್ಲೊಬ್ಬರಾಗಿದ್ದ ಆಂಡಿ ಗ್ರೋವ್ 1983ರಲ್ಲೇ ಬರೆದಿದ್ದರು. ಆ ಮಾತು ನೂರಕ್ಕೆ ನೂರು ಸರಿ. ಕನಿಷ್ಠ ಒಂದು ಗಂಟೆ ಬೇಕು ಅಂದಿದ್ದರು, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅರ್ಧ ಗಂಟೆ ಇಟ್ಟು, ಅದು ಮುಗಿದ ಮೇಲಿನ ಕಾಲು ಗಂಟೆ ಕ್ಯಾಲೆಂಡರ್ ಖಾಲಿ ಬಿಡಿ, ಸಾಕು. ಮುಖ್ಯವಾದ ಮಾತು ಹೆಚ್ಚಾಗಿ ಏಳುವ ಹೊತ್ತಿಗೇ ಬರುತ್ತದೆ.

ಮೊದಲ ಪ್ರಶ್ನೆಯಾಗಿ ನಾನು ಏನು ಕೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಟೀಮಿನೊಳಗೆ ಹುಟ್ಟಿದ್ದು, ಬೇರೆಯವರ ಬಾಯಲ್ಲಿ ಕೃತಕವಾಗಿ ಕೇಳುತ್ತದೆ. ಕೇಳಿದ ಮೇಲೆ ಸುಮ್ಮನಿರುವುದನ್ನು ಮಾತ್ರ ಹೇಳಲೇಬೇಕು. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ನಾನು ಐದಾರು ಸೆಕೆಂಡ್ ಕಾಯುತ್ತೇನೆ. ಮೀಟಿಂಗುಗಳಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದ ಸಹೋದ್ಯೋಗಿಯೊಬ್ಬರು, "ಏನಿಲ್ಲ ಸರ್, ಎಲ್ಲ ಸರಿ ಇದೆ" ಅಂದು, ನಾನು ಸುಮ್ಮನೇ ಕೂತಿದ್ದಕ್ಕೆ, "ನನ್ನ ಕೆಲಸದ ತಪ್ಪುಗಳನ್ನ ಎಲ್ಲರೂ ಇರೋ ಗ್ರೂಪಿನಲ್ಲೇ ಹಾಕ್ತಾರೆ" ಅಂದರು. ಮರುದಿನದಿಂದ ಟಿಪ್ಪಣಿಗಳು ಮೊದಲು ನೇರ ಅವರಿಗೇ ಹೋಗುವಂತೆ ಮಾಡಿದೆವು. ಮೂರ್ನಾಲ್ಕು ವಾರದಲ್ಲಿ ಅವರು ಮೀಟಿಂಗಿನಲ್ಲಿ ವಾದ ಮಾಡತೊಡಗಿದ್ದರು!

ನಡುನಡುವೆ ಕೆಲವು ಪ್ರಯೋಗ ಮಾಡಿದೆ. ನಡೆಯುತ್ತಾ ಮಾತಾಡುವುದು ಅರ್ಧದಷ್ಟು ಜನರಿಗೆ ಚೆನ್ನಾಗಿ ಹಿಡಿಸಿತು, ಮುಖ ನೋಡಬೇಕಾಗಿಲ್ಲವಲ್ಲ. ದೂರದಿಂದ ಕೆಲಸ ಮಾಡುವವರಿಗೆ ವಿಡಿಯೊಗಿಂತ ಬರೀ ಫೋನ್ ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದರೆ ಮಾತು ತಕ್ಷಣ ಒಣಗುತ್ತದೆ. ಕಾಗದದಲ್ಲಿ ಎರಡೇ ಸಾಲು, ಅವರಿಗೆ ಕಾಣುವಂತೆ ಬರೆಯುತ್ತೇನೆ.

ಮೊದಲ ದಿನವೇ ಒಂದು ಮಾತು ಸ್ಪಷ್ಟ ಮಾಡಿರುತ್ತೇನೆ: ಇಲ್ಲಿ ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಕಿರುಕುಳದ ದೂರು ಅಥವಾ ಯಾರದಾದರೂ ಜೀವಕ್ಕೆ ಅಪಾಯವಿರುವ ವಿಷಯ ಬಂದರೆ ಮುಚ್ಚಿಡಲಾರೆ. ನಿದ್ದೆ, ಊಟ ಬಿಟ್ಟು ಕುಗ್ಗಿದವರಿಗೆ ನನ್ನ ಅರ್ಧ ಗಂಟೆ ಸಾಲದು, ಆಪ್ತ ಸಮಾಲೋಚಕರನ್ನು ಕಾಣಲು ರಜೆ ಹೊಂದಿಸಿಕೊಡುತ್ತೇನೆ.

ಈಗ ಇಬ್ಬರು ಕಿರಿಯರು ನಾನಿಲ್ಲದೆ ತಮ್ಮತಮ್ಮಲ್ಲೇ ಇದನ್ನು ಶುರು ಮಾಡಿದ್ದಾರೆ. ಒಳಗೆ ಏನು ಮಾತಾಡುತ್ತಾರೋ ನಾನು ಕೇಳಿಲ್ಲ. ಇದುವರೆಗೆ ಅವರು ಒಂದು ವಾರವೂ ರದ್ದು ಮಾಡಿಲ್ಲ.