ಒಂದು ಸಲಹೆ, ಆರು ವಾರ: ಸ್ವಾಸ್ಥ್ಯದ ಓದು ನನಗೆ ಕೈಗೂಡಿದ ಬಗೆ

ಸ್ವಾಸ್ಥ್ಯದ ಬರಹಗಳಿಂದ ಹೆಚ್ಚು ಪ್ರಯೋಜನ ಪಡೆಯಬೇಕಾದರೆ ಅವುಗಳನ್ನು ಕಡಿಮೆ ಓದಬೇಕು ಎಂದು ನಾನು ಹೇಳಿದಾಗ ಗೆಳೆಯರು ನಕ್ಕಿದ್ದರು. ಈಗ ಅವರಲ್ಲೇ ಕೆಲವರು ಈ ಕ್ರಮವನ್ನು ಹಿಡಿದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಧ್ಯಾನ, ನಡಿಗೆ, ನಿದ್ದೆಯ ಶಿಸ್ತು ಇವೆಲ್ಲ ನಿಮಗೆ ಗೊತ್ತಿರುವುದೇ ಆದ್ದರಿಂದ ವಿವರಣೆಗೆ ಹೋಗುವುದಿಲ್ಲ.

ಇಷ್ಟವಾದ ಸಲಹೆಗಳನ್ನೆಲ್ಲ ಒಂದೇ ಸೋಮವಾರ ಆರಂಭಿಸುವ ಪದ್ಧತಿ ನನ್ನಲ್ಲಿ ಎರಡನೆಯ ವಾರವನ್ನು ದಾಟಿದ್ದೇ ಅಪರೂಪ. ಬೆಳಗಿನ ಧ್ಯಾನ, ತಣ್ಣೀರಿನ ಸ್ನಾನ, ಹತ್ತು ಸಾವಿರ ಹೆಜ್ಜೆ, ಮಲಗುವ ಮುನ್ನ ಕೃತಜ್ಞತೆಯ ಪಟ್ಟಿ, ಇವುಗಳಲ್ಲಿ ಒಂದು ತಪ್ಪಿದರೆ ಉಳಿದವೂ ಕೈಬಿಡುತ್ತಿದ್ದವು. ಸ್ವಲ್ಪ ಹಗುರವೆನಿಸಿದ ದಿನವೂ ಅದು ಯಾವುದರ ಫಲವೆಂದು ಹೇಳಲು ಬರುತ್ತಿರಲಿಲ್ಲ. ಜೊತೆಗೆ ನಿದ್ದೆ ಅಳೆಯುವ ಉಂಗುರ, ಅದರ ತಿಂಗಳ ಚಂದಾ, ಭಾರದ ಹೊದಿಕೆ, ಕತ್ತಿಗೆ ಆಸರೆಯೆಂದು ಮಾರುವ ದಿಂಬು, ಎರಡು ಧ್ಯಾನದ ಆ್ಯಪ್‌ಗಳು, ಎಲ್ಲ ಸೇರಿ ಒಂದು ತಿಂಗಳ ಸಂಬಳವನ್ನು ನುಂಗಿದವು. ಉಂಗುರ ಕೊಡುವ ಅಂಕ ಕಡಿಮೆಯಿದ್ದರೆ ಚೆನ್ನಾಗಿಯೇ ಎದ್ದ ದಿನವೂ ಸುಸ್ತೆನಿಸತೊಡಗಿದ್ದರಿಂದ ಅದನ್ನು ಅರ್ಧ ಬೆಲೆಗೆ ಮಾರಿದೆ. ಈ ಇಡೀ ಪ್ರಯೋಗದಲ್ಲಿ ಮರಳಿ ಬಂದ ಹಣ ಅದೊಂದೇ.

ಈಗಿನ ಕ್ರಮದಲ್ಲಿ ಓದುವ ಮೊದಲೇ ನನ್ನ ಒಂದು ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ, ಅದಕ್ಕೆ ಸಂಬಂಧಿಸಿದ್ದನ್ನು ಮಾತ್ರ ಓದುತ್ತೇನೆ, ಒಂದೇ ಸಲಹೆಯನ್ನು ಆರಿಸಿ ಸುಮಾರು ಆರು ವಾರ ಆ ವಿಷಯದ ಓದನ್ನೇ ನಿಲ್ಲಿಸುತ್ತೇನೆ. ಮೊದಲ ತೊಂದರೆ ನಡುರಾತ್ರಿಯ ಎಚ್ಚರ. ಆರಿಸಿದ್ದು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಸಿನ್ 1972ರಲ್ಲಿ ಮುಂದಿಟ್ಟ ಹಳೆಯ ವಿಧಾನ: ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಏಳಬೇಕು, ಕಣ್ಣು ತೂಗಿದಾಗಲೇ ಮರಳಬೇಕು, ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು.

ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿದ್ದರಿಂದ ಲೆಕ್ಕವೆಲ್ಲ ಅಂದಾಜಿನದು. ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: ‘ದೀಪ ಆರಿಸಿದ್ದು 11ರ ಸುಮಾರಿಗೆ, ಎದ್ದು ಕೂತದ್ದು ಒಮ್ಮೆ, ಬೆಳಿಗ್ಗೆ 6, ಹಗಲು 3.’ ಕೊನೆಯದು ಹಗಲಿನ ಲವಲವಿಕೆಗೆ 5ಕ್ಕೆ ನಾನೇ ಕೊಟ್ಟ ಅಂಕ. ಮೊದಲ ವಾರ ಆ ಅಂಕ 1ಕ್ಕೂ ಇಳಿಯಿತು, ಬಿಟ್ಟುಬಿಡು ಎಂದವರೇ ಹೆಚ್ಚು. ಮೂರನೆಯ ವಾರದ ನಂತರ ಪರಿಸ್ಥಿತಿ ಬದಲಾಯಿತು: ಮೊದಲು ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆಯಷ್ಟೇ ನಿದ್ದೆ ಮಾಡುತ್ತಿದ್ದವನು, ಏಳು ಗಂಟೆಯಲ್ಲಿ ಆರಕ್ಕಿಂತ ಸ್ವಲ್ಪ ಹೆಚ್ಚೇ ಮಲಗತೊಡಗಿದೆ. ನಿದ್ದೆ ಹೆಚ್ಚೇನೂ ಉದ್ದವಾಗಲಿಲ್ಲ, ತುಂಡುತುಂಡಾಗಿದ್ದದ್ದು ಕೂಡಿಕೊಂಡಿತು. ಈ ಕ್ರಮದಲ್ಲಿ ಹಾಸಿಗೆಯಲ್ಲಿರುವ ಹೊತ್ತು ಕುಗ್ಗುವುದರಿಂದ, ವಾಹನ ಓಡಿಸುವ ಕೆಲಸದವರು, ಮೂರ್ಛೆರೋಗ ಅಥವಾ ಬೈಪೋಲಾರ್ ಸಮಸ್ಯೆ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಗಳ ನಡುವೆ ತೂಗಾಡುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಹಾಸಿಗೆಯ ಹೊತ್ತನ್ನು ಕಡಿತಗೊಳಿಸಬಾರದು. ನಡುರಾತ್ರಿ ಎದ್ದು ಕುರ್ಚಿಯಲ್ಲಿ ಕೂತಾಗ ನಾನು ಏನು ಮಾಡುತ್ತೇನೆಂಬುದನ್ನು ಮಾತ್ರ ಸದ್ಯಕ್ಕೆ ಹೇಳಲಾರೆ. ಅದನ್ನು ಇನ್ನೂ ಪಳಗಿಸುತ್ತಿದ್ದೇನೆ.

ನಡುವೆ ಒಂದೆರಡು ಉಪಪ್ರಯೋಗಗಳೂ ಆದವು. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕಾಗುವುದರಿಂದ ಸಂಜೆಯ ಕಾಫಿಯನ್ನು ಮಧ್ಯಾಹ್ನಕ್ಕಿಂತ ಮುಂಚೆ ತಂದಾಗ ಕೆಲವೇ ದಿನಗಳಲ್ಲಿ ವ್ಯತ್ಯಾಸ ಕಂಡಿತು. ಕೃತಜ್ಞತೆಯ ಪಟ್ಟಿ ದಿನವೂ ಬರೆದಾಗ ಬಾಯಿಪಾಠವಾಯಿತು, ವಾರಕ್ಕೊಮ್ಮೆ ಬರೆದಾಗ ಉಳಿದುಕೊಂಡಿತು.

ಇಪ್ಪತ್ತೊಂದು ದಿನಗಳಲ್ಲಿ ಅಭ್ಯಾಸ ಬೇರೂರುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅವಧಿ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಇತ್ತು, ಮಧ್ಯಮಾಂಕ, ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ ಮತ್ತು ಉಳಿದರ್ಧಕ್ಕೆ ಹೆಚ್ಚು ದಿನ ಹಿಡಿದ ನಡುವಿನ ಅಂಕೆ, 66. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೂ ಆಗಿರಲಿಲ್ಲ. ಆದ್ದರಿಂದ ನನ್ನ ಆರು ವಾರ ಅಭ್ಯಾಸ ಊರುವ ಗಡುವಲ್ಲ, ಸಲಹೆಯನ್ನು ಉಳಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ಗಡುವು. ಹಗಲಿನ ಅಂಕ ಅಲುಗಾಡದಿದ್ದರೆ ಬಿಡುತ್ತೇನೆ. ತಣ್ಣೀರಿನ ಸ್ನಾನ ಹೀಗೆಯೇ ಹೋಯಿತು.

ಈಗ ಸರದಿ ನಡಿಗೆಯದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ, ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಎರಡು ಊಟಗಳ ಬಳಿಕ ಹನ್ನೊಂದು ಹನ್ನೆರಡು ನಿಮಿಷಗಳ ಚುರುಕು ನಡಿಗೆಯಾಗಿ ಒಡೆದುಕೊಂಡಿದ್ದೇನೆ. ಮಧ್ಯಾಹ್ನದ್ದು ಸಲೀಸಾಗಿ ನಡೆಯುತ್ತಿದೆ, ರಾತ್ರಿಯದು ಆಗಾಗ ತಪ್ಪುತ್ತಿದೆ.