ವರದಿಯಲ್ಲಿ ಕಾಣದ ಎರಡು ಎಕ್ಸಾನ್

ಸಿಯೋಲ್‌ನ ಒಂದು ಆಸ್ಪತ್ರೆಯ ಜೆನೆಟಿಕ್ಸ್ ಲ್ಯಾಬ್‌ನಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಜಾಸ್ತಿ ಇರುವ ಕೊರಿಯನ್ ರೋಗಿಗಳ ಡಿಎನ್‌ಎ ಓದಿ ವರದಿ ಬರೆಯುವುದು ನನ್ನ ಕೆಲಸ.

ಮುಖ್ಯವಾಗಿ ಮೂರು ಜೀನ್ ನೋಡುತ್ತಿದ್ದೆವು: ಎಲ್‌ಡಿಎಲ್‌ಆರ್, ಎಪಿಒಬಿ, ಪಿಸಿಎಸ್‌ಕೆ9. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣವನ್ನು ಹಿಡಿದು ಲಿವರ್ ಜೀವಕೋಶದ ಒಳಗೆ ಎಳೆದುಕೊಳ್ಳುವ ಕೊಕ್ಕೆ ಮಾಡುವುದು ಮೊದಲನೆಯದು. ಹೆಚ್ಚಿನ ತೊಂದರೆ ಸಿಗುವುದೂ ಅಲ್ಲೇ. ಕೊಕ್ಕೆ ಅರ್ಧ ಆದರೆ ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ, ಹುಟ್ಟಿದಾಗಿನಿಂದ.

ಆದರೆ ಲಕ್ಷಣ ಇದ್ದವರೆಲ್ಲರಲ್ಲೂ ದೋಷ ಸಿಗುವುದಿಲ್ಲ. ಯುರೋಪಿನಲ್ಲಿ ಬಂದ ಮಾನದಂಡದಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಡೆಸಿಲೀಟರ್‌ಗೆ 190 ಮಿಲಿಗ್ರಾಂ ದಾಟಿದರೆ ಅನುಮಾನ ಪಡುತ್ತಾರೆ. ಕೊರಿಯಾದ ರೋಗಿಗಳ ಮೇಲೆ 2015ರಲ್ಲಿ ಬಂದ ಅಧ್ಯಯನ ಮಾತ್ರ, ಜೀನ್ ದೋಷ ಇರಬಹುದು ಎಂದು ಊಹಿಸಲು 225 ಒಳ್ಳೆಯ ಗಡಿ ಎಂದಿತು. ಆ ಸಂಖ್ಯೆಯನ್ನು ನಾನು ಮೇಜಿನ ಮುಂದೆ ಬರೆದು ಅಂಟಿಸಿಕೊಂಡಿದ್ದೆ.

ಒಬ್ಬ ರೋಗಿಯನ್ನು ಮರೆಯಲಾಗುವುದಿಲ್ಲ. ವಯಸ್ಸು ನಲವತ್ತರ ಆಸುಪಾಸು, ಸಪೂರ ಮೈ. ಎಲ್‌ಡಿಎಲ್ 284. "ಎರಡು ವರ್ಷದಿಂದ ಹಂದಿ ಮಾಂಸ ಮುಟ್ಟಿಲ್ಲ, ಆದರೂ ಇಳಿಯುತ್ತಿಲ್ಲ" ಎಂದರು. ಅಪ್ಪ 46ಕ್ಕೆ ಹೃದಯಾಘಾತದಿಂದ ತೀರಿಕೊಂಡಿದ್ದರು. ನಾನು ಸೀಕ್ವೆನ್ಸಿಂಗ್ ಮಾಡಿದೆ, ಅಂದರೆ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿದೆ. ಮೂರೂ ಜೀನ್ ಸರಿಯಾಗೇ ಕಂಡವು. "ದೋಷ ಕಂಡುಬಂದಿಲ್ಲ" ಎಂದು ಬರೆದು ಕಳಿಸಿದೆ.

ಮುಂದಿನ ವಾರ ಡಾಕ್ಟರ್ ನನ್ನನ್ನು ಹೊರರೋಗಿ ವಿಭಾಗಕ್ಕೆ ಕರೆದರು. "ಇವರ ಹಿಮ್ಮಡಿ ಮುಟ್ಟಿ ನೋಡು." ರೋಗಿ ಸಾಕ್ಸ್ ಕಳಚಿದರು. ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಇರಬೇಕಾದ ಸ್ನಾಯುಪಟ್ಟಿ ಎರಡೂ ಕಾಲಲ್ಲಿ ದಪ್ಪಗೆ ಉಬ್ಬಿತ್ತು. ಒತ್ತಿದರೆ ಗಟ್ಟಿ, ನೋವಿಲ್ಲ. ವರ್ಷಗಟ್ಟಲೆ ಕೊಲೆಸ್ಟ್ರಾಲ್ ಅಲ್ಲಿ ಕೂತಿತ್ತು. ಶೂ ಕಚ್ಚುತ್ತದೆ ಎಂದು ಸೈಜ್ ಬದಲಿಸುತ್ತಲೇ ಬಂದಿದ್ದರಂತೆ. ಬೆರಳ ತುದಿಗೆ ಅದು ಸಿಕ್ಕ ಮೇಲೆ ನನ್ನ ವರದಿ ತಪ್ಪು ಎಂದು ಗೊತ್ತಾಯಿತು.

ವಾಪಸ್ ಬಂದು ಎಂಎಲ್‌ಪಿಎ ಪರೀಕ್ಷೆ ಹಚ್ಚಿದೆ. ಎಲ್‌ಡಿಎಲ್‌ಆರ್ ಜೀನ್‌ಗೆ 18 ಎಕ್ಸಾನ್. ಪುಸ್ತಕದ 18 ಅಧ್ಯಾಯ ಅಂದುಕೊಳ್ಳಿ. ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಒಂದರಲ್ಲಿ ಅಧ್ಯಾಯವೇ ಹರಿದು ಹೋಗಿದ್ದರೆ, ಸೀಕ್ವೆನ್ಸಿಂಗ್ ಇನ್ನೊಂದು ಪ್ರತಿಯನ್ನು ಓದಿ ಎಲ್ಲ ಸರಿಯಿದೆ ಎಂದುಬಿಡಬಹುದು. ಎಂಎಲ್‌ಪಿಎ ಅಕ್ಷರ ಓದುವುದಿಲ್ಲ, ಪ್ರತಿ ಎಷ್ಟಿವೆ ಎಂದು ಎಣಿಸುತ್ತದೆ. ಫಲಿತಾಂಶದ ಗ್ರಾಫ್‌ನಲ್ಲಿ ಅಕ್ಕಪಕ್ಕದ ಎರಡು ಎಕ್ಸಾನ್‌ಗಳ ಗೆರೆ ಸರಿಯಾಗಿ ಅರ್ಧಕ್ಕೆ ಇಳಿದಿತ್ತು. ಈ ಜೀನ್ ತುಂಬ ಆಲು ಎಂಬ ಒಂದೇ ಥರದ ತುಣುಕುಗಳು ಪದೇಪದೇ ಬರುತ್ತವೆ. ಅವು ತಪ್ಪಾಗಿ ಜೋಡಿಯಾದಾಗ ನಡುವಿನ ಭಾಗ ಕಳಚಿ ಹೋಗುತ್ತದೆ. ಆಮೇಲೆ ಎಣಿಸದೆ ಒಂದೂ "ದೋಷವಿಲ್ಲ" ವರದಿಗೆ ನಾನು ಸಹಿ ಹಾಕಲಿಲ್ಲ.

ರೋಗಿಗೆ ಕೊಲೆಸ್ಟ್ರಾಲ್ ಇಳಿಸುವ ಎರಡು ಔಷಧಿ, ರೋಸುವಾಸ್ಟಾಟಿನ್ ಜೊತೆ ಎಜೆಟಿಮೈಬ್, ಶುರು ಮಾಡಿದರು, ಎಲ್‌ಡಿಎಲ್ ಅರ್ಧಕ್ಕಿಂತ ಕೆಳಗೆ ಬಂತು. ಕಷ್ಟ ಇದ್ದದ್ದು ಮನೆಯವರದ್ದು. ಇದು ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣ, ತಂಗಿ, ಮಕ್ಕಳು ಎಲ್ಲರನ್ನೂ ನೋಡಬೇಕು. ಆದರೆ ಫೋನಲ್ಲಿ ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ರಕ್ತದಲ್ಲೇ ಕೆಟ್ಟದ್ದಿದೆ ಎಂದು ಒಡಹುಟ್ಟಿದವರಿಗೆ ಹೇಗೆ ಹೇಳುವುದು, ಅಲ್ವಾ? ಕೊರಿಯಾದ ಸುಗ್ಗಿ ಹಬ್ಬ ಚುಸೊಕ್‌ಗೆ ಎಲ್ಲರೂ ಅಮ್ಮನ ಮನೆಗೆ ಬರುತ್ತಾರೆ, ಆಗ ಹೇಳುತ್ತೇನೆ ಎಂದರು. ನಾನು ಒಂದು ಪುಟದಲ್ಲಿ ಸರಳವಾಗಿ ಬರೆದುಕೊಟ್ಟೆ. ಊಟದ ತಪ್ಪಲ್ಲ ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ.

ಹಬ್ಬ ಮುಗಿದ ವಾರವೇ ತಂಗಿ ಬಂದರು. ಜೊತೆಗೆ ರೋಗಿಯ ಹತ್ತು ವರ್ಷದ ಮಗಳು. ತಂಗಿಯಲ್ಲಿ ಎರಡು ಪ್ರತಿಯೂ ಪೂರ್ತಿ ಇದ್ದವು. ಮಗಳಲ್ಲಿ ಅಪ್ಪನ ಅದೇ ಎರಡು ಗೆರೆ ಅರ್ಧ. ಎಲ್‌ಡಿಎಲ್ 231. ಬಗ್ಗಿ ಅವಳ ಹಿಮ್ಮಡಿ ಮುಟ್ಟಿದೆ. ತೆಳ್ಳಗೆ, ಮೃದುವಾಗಿತ್ತು.