ಗಿರಣಿ ಕಣದ ಮೇಲೆ ವಾಲಿಬಾಲ್ ಟೈಲ್ಸ್: ನನ್ನ ಅನುಭವ

ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಸಿಮೆಂಟ್ ಕಣದ ಮೇಲೆ, ಒಂದಕ್ಕೊಂದು ಕೊಂಡಿ ಹಾಕುವ ಪ್ಲಾಸ್ಟಿಕ್ ಟೈಲ್ಸ್ ಜೋಡಿಸಿ ರಾತ್ರಿ ವಾಲಿಬಾಲ್ ಪಂದ್ಯ ಆಡಿಸಬಹುದು ಅಂತ ನಾನು ಅಂದಾಗ ಮಂಡ್ಯದ ಹಳೇ ಆಟಗಾರರು ಒಪ್ಪಲಿಲ್ಲ. ಡೈವ್ ಹೊಡೆದರೆ ಚರ್ಮ ಕಿತ್ತು ಬರುತ್ತೆ, ಮಂಜು ಬಿದ್ದರೆ ಜಾರುತ್ತೆ, ನೆಟ್ ಕಂಬ ನಿಲ್ಲಲ್ಲ ಅಂದರು. ಮೂರೂ ನ್ಯಾಯವಾದ ಮಾತೇ. ಈಗ ಅವರೇ ಬಾಡಿಗೆಗೆ ಕೇಳ್ತಾರೆ.

ಭತ್ತ ಒಣಗಿಸುವ ಯಂತ್ರ (ಡ್ರೈಯರ್) ಬಂದ ಮೇಲೆ ಎಷ್ಟೋ ಗಿರಣಿಗಳ ಕಣ ಖಾಲಿ ಬಿದ್ದಿದೆ. 18×9 ಮೀಟರ್ ಅಂಕಣ, ಸುತ್ತ ಮೂರು ಮೀಟರ್ ಬಿಟ್ಟರೆ 24×15. ಅಷ್ಟು ಜಾಗ ಸುಲಭವಾಗಿ ಸಿಗುತ್ತೆ.

ಮೊದಲು ಬ್ಯಾಡ್ಮಿಂಟನ್ ಮ್ಯಾಟ್ ಬಾಡಿಗೆ ತಂದು ನೋಡಿದ್ದು. ಒಂದೂವರೆ ಮೀಟರ್ ಅಗಲ, 15 ಮೀಟರ್ ಉದ್ದದ ಸುರುಳಿ, ಸೆಟ್ಟಿಗೆ ಐದು. ಅಡ್ಡಡ್ಡ ಹಾಸಿದರೆ ನಮಗೆ 16 ಬೇಕು, ಮೂರು ಸೆಟ್ ತಂದರೂ ಒಂದು ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಇಬ್ಬನಿ. ರಾತ್ರಿ ಹತ್ತಾದ ಮೇಲೆ ಮ್ಯಾಟ್ ಮೇಲೆ ನೀರು ನಿಂತಿತು, ಸ್ಪೈಕರ್ (ನೆಗೆದು ಚೆಂಡು ಹೊಡೆಯುವವನು) ಕಾಲೂರಿ ನಿಲ್ಲುವ ಕಡೆ ಜೋಡಣೆಯ ಟೇಪ್ ಬಿಟ್ಟುಕೊಂಡಿತು. ಬಾಡಿಗೆ, ಸಾಗಣೆ, ಟೇಪ್ ಎಲ್ಲ ಸೇರಿ ಮೂವತ್ತು ಸಾವಿರ ಹೋಯಿತು. ಒಳಾಂಗಣಕ್ಕೆ ಮ್ಯಾಟ್‌ಗಿಂತ ಒಳ್ಳೇದು ಇಲ್ಲ, ಬಯಲಿಗೆ ಬೇಡ.

ಹಾಗಾಗಿ ಒಂದಡಿ ಅಳತೆಯ, ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಟೈಲ್ಸ್. ಉದ್ದಕ್ಕೆ 79, ಅಗಲಕ್ಕೆ 50, ಅಂದರೆ 3,950. ಒಡೆದದ್ದಕ್ಕೆ ಬದಲಿ ಅಂತ ಇನ್ನೊಂದು 80. ಜಾಲರಿ ಮಾದರಿ ಅಗ್ಗ, ನಾವು ತಂದಾಗ ಚದರಡಿಗೆ 65 ರೂಪಾಯಿ ಆಸುಪಾಸು ಇತ್ತು, ಆದರೆ ಡೈವ್ ಹೊಡೆದವನ ಮೊಣಕೈ ಸುಲಿಯೋದು ಅದರಲ್ಲೇ. ಮೇಲ್ಮೈ ಚಪ್ಪಟೆ ಇದ್ದು ಸಣ್ಣ ತೂತಿರುವುದು 85 ಬಿತ್ತು. ತೆರಿಗೆ, ಲಾರಿ ಬಾಡಿಗೆ ಸೇರಿ ನಾಲ್ಕು ಲಕ್ಷದ ಹತ್ತಿರ. ಸ್ಯಾಂಪಲ್ ತಂದಾಗ ನಾಲ್ಕು ಟೈಲ್ ಜೋಡಿಸಿ ಒಂದು ಹಗಲು ಬಿಸಿಲಲ್ಲಿಡಿ, ಆಮೇಲೆ ಷೂ ಹಾಕಿ ತಿರುಚಿ. ಕೊಂಡಿ ಬಿಟ್ಟರೆ ಆ ಮಾಲು ಬೇಡ.

ಕೆಲಸವೆಲ್ಲ ತಳದಲ್ಲೇ ಇದೆ. ತೌಡಿನ ಎಣ್ಣೆ ಕಣಕ್ಕೆ ಹಿಡಿದಿರುತ್ತೆ. ಸೋಪ್ ಪುಡಿ ಹಾಕಿ ಉಜ್ಜಿ ತೊಳೆದು ಪೂರ್ತಿ ಒಣಗಿಸಬೇಕು. ಮೂರು ಮೀಟರ್ ಮಟ್ಟಗೋಲು ಇಟ್ಟು ನೋಡಿ, ಕೆಳಗೆ ಐದು ಮಿಲಿಮೀಟರ್‌ಗಿಂತ ಹೆಚ್ಚು ಸಂದು ಕಂಡರೆ ಅಲ್ಲಿ ಟೈಲ್ ಕಟಕಟ ಅನ್ನುತ್ತೆ, ಚೆಂಡು ಪುಟಿಯಲ್ಲ. ಮರಳು ತುಂಬಿದರೆ ಒಂದೇ ಪಂದ್ಯಕ್ಕೆ ಸರಿದುಹೋಗುತ್ತೆ. ನಾವು ಹಳೇ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ, ಕೆಳಗೆ ಚಿಕ್ಕದು ಮೇಲೆ ದೊಡ್ಡದು ಅಂತ ಪದರ ಹಾಕಿ ತುಂಬಿದೆವು. ಚುನಾವಣೆ ಮುಗಿದ ಊರಲ್ಲಿ ಬ್ಯಾನರಿಗೆ ಬರವೇ? ಕಣದ ಇಳಿಜಾರೂ ನೋಡಿಕೊಳ್ಳಿ: ಬಯಲು ಅಂಕಣಕ್ಕೆ ಮೀಟರಿಗೆ 5 ಮಿಲಿಮೀಟರ್‌ವರೆಗೆ ಮಾತ್ರ ನಿಯಮದಲ್ಲಿ ಅವಕಾಶ. ನಾರಿನ ಚಾಪೆ ಹಾಸಿ ಮೆತ್ತಗೆ ಮಾಡುವ ಪ್ರಯೋಗವೂ ಆಯ್ತು. ನೆಲ ಕುಣಿದು ಕೊಂಡಿಗಳು ಕಿತ್ತುಬಂದವು.

ಜೋಡಣೆ ಮೂಲೆಯಿಂದ ಶುರು ಮಾಡಬೇಡಿ. ಮಧ್ಯರೇಖೆಗೆ ದಾರ ಕಟ್ಟಿ ಎರಡೂ ಕಡೆಗೆ ಹೋದರೆ ತಪ್ಪು ಹಂಚಿಹೋಗುತ್ತೆ. ಅಂಕಣದ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದಾಗ 20.12 ಮೀಟರ್ ಬಂದರೆ ಮೂಲೆಗಳು ನೇರ ಇವೆ ಅಂತ. ಬಿಸಿಲಿಗೆ ಈ ಪ್ಲಾಸ್ಟಿಕ್ ಚೆನ್ನಾಗಿ ಹಿಗ್ಗುತ್ತೆ, 24 ಮೀಟರಿಗೆ ಆರೇಳು ಸೆಂಟಿಮೀಟರ್‌ವರೆಗೆ. ಕಟ್ಟೆಗೆ ತಾಗಿಸಿ ಹಾಕಿದರೆ ಮಧ್ಯಾಹ್ನ ನೆಲ ಎದ್ದು ಕೂರುತ್ತೆ. ಸುತ್ತ ಒಂದು ಅಂಗೈ ಅಗಲ ಬಿಡಿ. ಗೆರೆ ಗುರುತು ಹಾಕೋದು ಸಂಜೆ ಏಳರ ಮೇಲೆ. ಮಧ್ಯಾಹ್ನ ಅಳೆದು ಹಾಕಿದ ಅಂಕಣ ರಾತ್ರಿ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗಿರುತ್ತೆ. ಗೆರೆಗೆ ಟೇಪ್ ಹಿಡಿಯಲ್ಲ. ಉಪ್ಪುಕಾಗದ ಉಜ್ಜಿ ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಬಳಿಯಿರಿ. ಬಣ್ಣಕ್ಕೆ ಮೊದಲು ಒಂದು ಚಿಕ್ಕ ಕೆಲಸ ಇದೆ, ಅದು ನಮ್ಮ ಹುಡುಗರ ಗುಟ್ಟು. ಟೈಲ್‌ಗಳ ಬೆನ್ನಿಗೆ ಸಾಲು ಸಂಖ್ಯೆ ಬರೆದಿಡಿ. ಹನ್ನೆರಡು ಟೈಲ್ ಒಂದು ಹಲಗೆಯಂತೆ ಕೊಂಡಿ ಬಿಚ್ಚದೆ ಇಟ್ಟರೆ, ಆರು ಜನ ಮೂರು ಗಂಟೆಯಲ್ಲಿ ಹಾಸಿ ಮುಗಿಸ್ತಾರೆ.

ಇನ್ನು ಕಂಬ. ಗಿರಣಿಯವರು ಕಣ ಕೊರೆಯಲು ಬಿಡಲ್ಲ, ತಂತಿ ಕಟ್ಟಿ ನಿಲ್ಲಿಸೋದು ನಿಯಮಕ್ಕೇ ವಿರುದ್ಧ. ಪಕ್ಕದ ಗೆರೆಯಿಂದ ಒಂದು ಮೀಟರ್ ಆಚೆ ಕಂಬ, ಅಲ್ಲಿಂದ ಹೊರಕ್ಕೆ ಒಂದೂವರೆ ಮೀಟರ್ ಕಬ್ಬಿಣದ ಆಂಗಲ್ ಚೌಕಟ್ಟು, ಅದರ ತುದಿಯಲ್ಲಿ 50 ಕೆಜಿಯ ಹನ್ನೆರಡು ಮೂಟೆ ಅಕ್ಕಿ. ಆರು ಮೂಟೆಗೆ ಕಂಬ ಬೀಳಲಿಲ್ಲ, ಆದರೆ ನೆಟ್ ಬಿಗಿದಾಗ ಚೌಕಟ್ಟು ಒಳಕ್ಕೆ ಜಾರಿ ನೆಟ್ಟಿನ ನಡುವೆ ಬೇಕಾದ 2.43 ಮೀಟರ್ ಎತ್ತರ ನಿಲ್ಲಲಿಲ್ಲ. ಮೂಟೆ ಹೆಚ್ಚಿಸಿ, ಚೌಕಟ್ಟಿನ ಕೆಳಗೆ ಹಳೇ ಟಯರಿನ ರಬ್ಬರ್ ಹಾಕಿದ ಮೇಲೆ ಅಲ್ಲಾಡಲಿಲ್ಲ. ಕಬ್ಬಿಣಕ್ಕೂ ಮೂಟೆಗೂ ದಪ್ಪ ಫೋಮ್ ಸುತ್ತಿ, ಆಟಗಾರ ಅಲ್ಲಿಗೂ ಓಡಿಬರ್ತಾನೆ.

ಇಬ್ಬನಿ ಈ ಟೈಲ್ಸ್ ಮೇಲೂ ಬೀಳುತ್ತೆ. ನೀರು ತೂತಿನಲ್ಲಿ ಇಳಿದರೂ ಪಸೆ ಉಳಿಯುತ್ತೆ, ಪ್ರತಿ ಸೆಟ್ ನಡುವೆ ಇಬ್ಬರು ಒರೆಸಲೇಬೇಕು. ಒರೆಸುವ ನೀರಿಗೆ ಏನು ಬೆರೆಸ್ತೀವಿ ಅನ್ನೋದು ಬಾಡಿಗೆಗೆ ತಗೊಂಡವರಿಗೆ ಮಾತ್ರ ಹೇಳೋದು. ಬಾಡಿಗೆ ಟೂರ್ನಮೆಂಟಿಗೆ ಇಪ್ಪತ್ತೈದು ಸಾವಿರ, ಟ್ರ್ಯಾಕ್ಟರ್ ಸಾಗಣೆ ನಿಮ್ಮದು.